ನೂರ ನಲವತ್ತಮೂರನೆಯ ಮಣಿ

ಆಕ್ರಾದ ಬಸ್ಸಿನಿಂದ ಇಳಿದಾಗ
ಕಾಗದ ಬೆವರಿಗೆ ಮೆತ್ತಗಾಗಿತ್ತು.
ಅಮ್ಮನ ರಕ್ತ ತೆಗೆದವಳು ನಾನೇ,
ಹರ್ಮತಾನ್ ಧೂಳು ಬೀಸುವ ತಿಂಗಳಲ್ಲಿ;
ಸೀಸೆಗೆ ಚೀಟಿ ಅಂಟಿಸಿದವಳೂ ನಾನೇ:
ಅಸಬಿಯಾ, ಐವತ್ತೆಂಟು, ಹುಟ್ಟುಕಿವುಡಿ.
ಕೆಳಗೆ ಸಹಿ, ಅಜೇವಾ.
ಆ ಹೆಸರನ್ನು ಅಮ್ಮ ಒಮ್ಮೆಯೂ ಕೂಗಿದ್ದಿಲ್ಲ.
ಅವಳಿಗೆ ನಾನು ಹುಬ್ಬಿನ ಮೇಲೆ ಎಳೆದ ಒಂದು ಬೆರಳು,
ಮೂರನೇ ವರ್ಷದಲ್ಲಿ ಒನಕೆ ತಗಲಿದ ಕಲೆ.

ಈ ಊರಲ್ಲಿ ಕೈಮಾತು ಹಳೆಯದು.
ಕಿವಿ ಇದ್ದವರೂ ಕೈಯಲ್ಲೇ ಜಗಳವಾಡುತ್ತಾರೆ,
ಕೈಯಲ್ಲೇ ಚಾಡಿ ಹೇಳುತ್ತಾರೆ.
ಗೋಡೆಗೆ ಕಿವಿಯಿದೆಯೆಂಬ ಭಯ ಇಲ್ಲಿಲ್ಲ,
ಕಿಟಕಿಗೆ ಕಣ್ಣಿದೆ; ಅದಕ್ಕೇ
ಗುಟ್ಟು ಇದ್ದವರು ಬೀದಿಗೆ ಬೆನ್ನು ಹಾಕಿ ಕೂರುತ್ತಾರೆ.

ಹೇಗೆ ಹೇಳಲಿ ಅವಳಿಗೆ?
ಪುಸ್ತಕದಲ್ಲಿ ಸುಲಭ:
ಪಕ್ಕಪಕ್ಕದ ಎರಡು ಜೀವಕೋಶ, ಎರಡಕ್ಕೂ ಪೊರೆ,
ಆರು ಪ್ರೋಟೀನು ಈ ಕಡೆಯಿಂದ, ಆರು ಆ ಕಡೆಯಿಂದ,
ಅರ್ಧ ಬಾಗಿಲಿಗೆ ಅರ್ಧ ಬಾಗಿಲು ಕೂಡಿ ಒಂದು ಕಿಂಡಿ.
ಒಬ್ಬಳೇ ಕಟ್ಟಲಾರಳು.
ಉಳಿದರ್ಧ ನೆರೆಯವಳೇ ತರಬೇಕು.

ಕೈ ಎತ್ತಿದೆ. ಬೆರಳು ಐದೇ.
ದುಂಡಗೆ ನಿಲ್ಲಿಸಿ, ಒಂದು ಕಡಿಮೆ ಎಂದು ಕಣ್ಣಲ್ಲಿ ಹೇಳಿದೆ.
ಅಮ್ಮ ತನ್ನ ತೋರುಬೆರಳು ಸೇರಿಸಿದಳು,
ಈ ಕೈಗೊಂದು, ಆ ಕೈಗೊಂದು.
ಉಪ್ಪು ಕಡ ಕೇಳಲು ಬಂದ ಪಕ್ಕದ ಮನೆಯ ಪೋರ ಓಕಾಂಟಾ
ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ.
ಗದ್ದದಿಂದ ಸನ್ನೆ ಮಾಡಿದೆ: ಸುರಿ.
ಹನ್ನೆರಡು ಬೆರಳ ಕೊಳವೆಯಲ್ಲಿ
ಹರಳು ಹರಳಾಗಿ ಉಪ್ಪು ಇಳಿಯಿತು.

ಆಮೇಲೆ ಕೈ ಬಿಡಿಸಿಕೊಂಡು:
ಸದ್ದು ಬಡಿದಾಗಲೆಲ್ಲ
ಕಿವಿಯೊಳಗಿನ ರೋಮದ ಕೋಶ
ಪೊಟ್ಯಾಷಿಯಂ ಎಂಬ ಉಪ್ಪನ್ನು ಚಿಟಿಕೆ ಕಡ ತರುತ್ತದೆ.
ಬಚ್ಚಿಟ್ಟುಕೊಂಡರೆ ಅದೇ ಸಾಯುತ್ತದೆ.
ಉಪ್ಪಿನ ಋಣ, ಕೂಡಲೇ ತೀರಬೇಕು;
ನೆರೆಯ ಕೋಶ ಈಸಿಕೊಂಡು ತನ್ನ ನೆರೆಗೆ,
ಅದು ತನ್ನಾಚೆಗೆ, ಕಿಂಡಿಯಿಂದ ಕಿಂಡಿಗೆ,
ಹೊರಟ ಕೊಳಕ್ಕೇ ಮರಳುವ ತನಕ.

ಅವಳ ಕ್ರೋಬೋ ಮಣಿಸರವನ್ನು ಬೆರಳಲ್ಲಿ ಜಾರಿಸಿದೆ.
ಆ ಪ್ರೋಟೀನೂ ಒಂದು ಸರ, ಇನ್ನೂರಿಪ್ಪತ್ತಾರು ಮಣಿ.
ನೂರ ನಲವತ್ತಮೂರನೆಯದು ಬೇರೆಯದು ಬಿದ್ದಿದೆ.
ಅಷ್ಟೇ. ಉಳಿದದ್ದೆಲ್ಲ ಸರಿ.
ಬಾಗಿಲು ನಿಲ್ಲುತ್ತದೆ, ತೆರೆಯುವುದಿಲ್ಲ.
ನಿನಗೆ ಅಜ್ಜ ಕೊಟ್ಟದ್ದೂ ಅದೇ, ಅಜ್ಜಿ ಕೊಟ್ಟದ್ದೂ ಅದೇ;
ನನಗೆ ನಿನ್ನದೊಂದು, ಅಪ್ಪನದೊಂದು.
ಅಪ್ಪನದು ತೆರೆಯುತ್ತದೆ.

ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು, ಬಹಳ ಹೊತ್ತು.
ಮುಚ್ಚಿದವರು ಯಾರು, ಕೇಳಿದಳು,
ಊರ ಒಡೆಯನೇ?
ಕಿವುಡರು ಕಿವುಡರನ್ನು ಕಟ್ಟಿಕೊಳ್ಳಕೂಡದು ಎಂದನಲ್ಲ, ಅವನೇ?
ಗಂಟಲಿನ ಮೇಲೆ ಎರಡು ಸಲ ತಟ್ಟಿ
ಬೆಡಿಯಾಕೋನ ಹೆಸರನ್ನು
ನನ್ನೆದುರು ಮೊದಲ ಬಾರಿ ಆಡಿದಳು.
ನಾನು ಆ ಅಪ್ಪಣೆಯ ಮಗಳು.
ಕೇಳಬಲ್ಲವಳು. ಏನು ಹೇಳಲಿ?

ಬೇರೆ ಬಾಗಿಲುಗಳೂ ಇವೆ, ಎಂದೆ, ಬೇರೆ ಮಣಿಗಳವು.
ಎದೆಯಲ್ಲಿವೆ. ಬಸಿರ ಗೋಡೆಯಲ್ಲಿವೆ.
ತಿಂಗಳುಗಟ್ಟಲೆ ಅಲ್ಲಿ ಕಿಂಡಿ ವಿರಳ,
ಒಂದೊಂದು ಕೋಶ ತನ್ನ ಪಾಡಿಗೆ.
ದಿನ ತುಂಬಿದ ಮೇಲೆ ಗಡಿಬಿಡಿಯಲ್ಲಿ
ಗೋಡೆಗೋಡೆಗೂ ಬಾಗಿಲು ಇಡುತ್ತವೆ,
ಒಂದಕ್ಕೆ ಬಂದದ್ದು ಎಲ್ಲಕ್ಕೂ ಮುಟ್ಟಿ
ಎಲ್ಲ ಒಟ್ಟಿಗೆ ನೂಕುತ್ತವೆ.
ನಿನ್ನಲ್ಲಿ ಅವು ತೆರೆದವು. ನಾನು ಬಂದೆ.

ಎರಡು ಹಗಲು ಎರಡು ರಾತ್ರಿ ಬೇನೆ, ಎಂದಳು.
ನಿನ್ನ ಬಾಗಿಲಿನವರು ಸೋಮಾರಿಗಳು.

ಓಕಾಂಟಾನಿಗೆ ಉಪ್ಪು ಕೊಟ್ಟು ಕಳಿಸಿದಳು.
ಮಡಿಲಿಗೆ ಚೆಲ್ಲಿದ್ದನ್ನು ಬಳಿದು ಸಾರಿಗೆ ಹಾಕಿ,
ಒಂದು ತೊಟ್ಟು ನೆಕ್ಕಿ ನೋಡಿ,
ನಾಲಗೆಗೂ ಬಾಗಿಲಿದೆಯೇ?
ಇದೆ, ಎಂದೆ.
ಹಾಗಾದರೆ ನೀರು ತಾ,
ಹೆಚ್ಚಾಯಿತು.